ರಾಜಕೀಯ ಭಾಷಣದಲ್ಲಿ ಚಿತ್ರಪಟ: ಆಹಾರ್ಯವೋ ಪ್ರಮಾಣವೋ?

೧

ಭಾಷಣವು ಕಿವಿಗೆ ಸಂಬಂಧಪಟ್ಟ ಕಲೆಯೆಂಬುದು ಬಹು ಹಿಂದಿನಿಂದ ಬಂದ ಅಭಿಪ್ರಾಯ. ಭಾಷಣಕಾರನ ಶಬ್ದಸಂಪತ್ತು, ವಾಕ್ಯಗಳ ಬಂಧ, ಯುಕ್ತಿಗಳ ಅನುಕ್ರಮ, ಧ್ವನಿಯ ಏರಿಳಿತ ಇವುಗಳನ್ನೇ ವಿಮರ್ಶಕರು ಪರೀಕ್ಷಿಸುತ್ತ ಬಂದಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ರಾಜಕೀಯ ಭಾಷಣವು ಕಣ್ಣಿಗೂ ಸಂಬಂಧಪಟ್ಟುದಾಗಿದೆ. ಭಾಷಣಕಾರನೊಡನೆ ಭೂಪಟಗಳು, ಛಾಯಾಚಿತ್ರಗಳು, ಅಂಕಿಅಂಶಗಳ ರೇಖಾಚಿತ್ರಗಳು, ಪರದೆಯ ಮೇಲೆ ಒಂದಾದ ಮೇಲೊಂದರಂತೆ ಮೂಡುವ ಸ್ಲೈಡುಗಳು ವೇದಿಕೆಯನ್ನೇರುತ್ತವೆ. ಇವೆಲ್ಲವನ್ನೂ ಪ್ರಕೃತ ಲೇಖನದಲ್ಲಿ ಚಿತ್ರಪಟವೆಂಬ ಒಂದೇ ಹೆಸರಿನಿಂದ ಕರೆಯಲಾಗಿದೆ. ಚಿತ್ರಪಟವು ಭಾಷಣದಲ್ಲಿ ಮಾಡುವ ಕೆಲಸವಾವುದು, ಅದರ ಗುಣದೋಷಗಳನ್ನು ಯಾವ ಲಕ್ಷಣದಿಂದ ನಿರ್ಣಯಿಸಬೇಕು ಎಂಬುದು ಇಲ್ಲಿಯ ವಿಚಾರ.

ಈ ವಿಚಾರಕ್ಕೆ ಬೇಕಾದ ಪರಿಭಾಷೆಯನ್ನು ಹೊಸದಾಗಿ ಕಲ್ಪಿಸಬೇಕಾದ ಅಗತ್ಯವಿಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಭಾಗಿಸುತ್ತದೆ. ಇವುಗಳಲ್ಲಿ ಆಹಾರ್ಯವೆಂದರೆ ಹೊರಗಿನಿಂದ ತಂದುಕೊಂಡದ್ದು. ವೇಷಭೂಷಣಗಳೂ ಬಣ್ಣವೂ ರಂಗದ ಮೇಲಿನ ಕೃತಕ ವಸ್ತುಗಳೂ ಇದರಲ್ಲಿ ಸೇರುತ್ತವೆ. ಈ ಕೃತಕ ವಸ್ತುಗಳಿಗೆ ಪುಸ್ತವೆಂಬ ಹೆಸರಿದೆ. ಬಟ್ಟೆಯಿಂದಲೋ ಚರ್ಮದಿಂದಲೋ ಮಾಡಿದ ಬೆಟ್ಟ, ರಥ, ಆನೆ ಮುಂತಾದುವು ಪುಸ್ತಗಳು. ಭಾಷಣಕಾರನು ತರುವ ಚಿತ್ರಪಟವು ಬಾಹ್ಯರೂಪದಲ್ಲಿ ಈ ವರ್ಗಕ್ಕೆ ಸೇರಿದುದೇ. ಆದರೆ ಒಂದು ಭೇದವುಂಟು. ರಂಗದ ಮೇಲಿನ ಬಟ್ಟೆಯ ಬೆಟ್ಟವನ್ನು ಯಾವ ಸಹೃದಯನೂ ನಿಜವಾದ ಬೆಟ್ಟವೆಂದು ನಂಬುವುದಿಲ್ಲ. ನಂಬಬೇಕೆಂದು ನಟನೂ ಬಯಸುವುದಿಲ್ಲ. ರಾಜಕೀಯ ವೇದಿಕೆಯ ಚಿತ್ರಪಟವು ಹಾಗಲ್ಲ. ಅದು ಆಹಾರ್ಯವಾಗಿ ಬಂದು ಪ್ರಮಾಣವಾಗಿ ನಿಲ್ಲುತ್ತದೆ.

ಪ್ರಮಾಣವೆಂದರೆ ಯಾವ ಪ್ರಮಾಣ? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂಬ ನಾಲ್ಕನ್ನು ಒಪ್ಪುತ್ತಾರೆ. ಅಂಕಿಗಳ ರೇಖೆಯು ಪರದೆಯ ಮೇಲೆ ಏರುವುದನ್ನು ನೋಡಿದ ಶ್ರೋತೃವು ತಾನು ವಿಷಯವನ್ನೇ ಕಣ್ಣಾರೆ ಕಂಡೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಅವನು ಕಂಡದ್ದು ಒಂದು ಗೆರೆಯನ್ನು ಮಾತ್ರ. ಆ ಗೆರೆಯು ಯಾವ ವಸ್ತುವನ್ನು ಅಳೆಯುತ್ತದೆ, ಅಳೆದವರು ಯಾರು, ಯಾವುದನ್ನು ಬಿಟ್ಟು ಯಾವುದನ್ನು ಎಣಿಸಿದರು ಎಂಬುದಕ್ಕೆ ಭಾಷಣಕಾರನ ಮಾತೇ ಆಧಾರ. ಎಂದರೆ, ಪ್ರತ್ಯಕ್ಷದಂತೆ ತೋರುವ ಚಿತ್ರಪಟವು ತತ್ತ್ವತಃ ಶಬ್ದಪ್ರಮಾಣ. ಹೇಳುವವನು ಆಪ್ತನಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಚಿತ್ರಪಟದ ಶಕ್ತಿಯೂ ಅದರ ಅಪಾಯವೂ ಈ ವೇಷಾಂತರದಲ್ಲಿಯೇ ಅಡಗಿವೆ. ಶ್ರೋತೃವಿಗೆ ಈ ಭೇದವನ್ನು ತಿಳಿಸಿಕೊಡುವ ಭಾಷಣವು ಸದ್ಭಾಷಣ. ಮರೆಯಿಸುವ ಭಾಷಣವು, ಅದರ ಉದ್ದೇಶವು ಎಷ್ಟೇ ಒಳ್ಳೆಯದಾಗಿದ್ದರೂ, ದೋಷಯುಕ್ತವಾದುದು. ಮುಂದಿನ ನಿದರ್ಶನಗಳಿಂದ ಈ ಅಂಶವು ಸ್ಪಷ್ಟಪಡುತ್ತದೆ.

೨

ಅಂಕಿಗಳನ್ನು ಚಿತ್ರವಾಗಿಸುವ ಪದ್ಧತಿಯು ಹುಟ್ಟಿದಂದಿನಿಂದಲೂ ರಾಜಕೀಯದೊಡನೆ ಕೂಡಿಕೊಂಡೇ ಇದೆ. ವಿಲಿಯಂ ಪ್ಲೇಫೇರನು ೧೭೮೬ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥವು ಇಂಗ್ಲೆಂಡಿನ ಆಮದು ರಫ್ತುಗಳನ್ನು ರೇಖೆಗಳಲ್ಲಿ ತೋರಿಸಿತು. ಆ ಗ್ರಂಥದ ಹೆಸರಿನಲ್ಲಿಯೇ ವಾಣಿಜ್ಯ, ರಾಜಕೀಯ ಎಂಬ ಎರಡು ಪದಗಳೂ ಇವೆ. ಕ್ರಿಮಿಯಾ ಯುದ್ಧದಲ್ಲಿ ದಾದಿಯಾಗಿ ಸೇವೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರು ೧೮೫೮ರಲ್ಲಿ ಸೈನಿಕರ ಮರಣಗಳ ಪ್ರಸಿದ್ಧವಾದ ಚಿತ್ರವನ್ನು ಅಚ್ಚುಮಾಡಿಸಿದರು. ೧೮೫೪ನೆಯ ಏಪ್ರಿಲಿನಿಂದ ೧೮೫೬ನೆಯ ಮಾರ್ಚಿಯವರೆಗೆ ಒಂದೊಂದು ತಿಂಗಳಿಗೂ ಒಂದೊಂದು ದಳದಂತೆ ಹರಡಿದ ಆ ಚಿತ್ರದಲ್ಲಿ ಗಾಯಗಳಿಂದ ಸತ್ತವರ ಭಾಗವು ಕೆಂಪು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರ ಭಾಗವು ನೀಲಿ, ಇತರ ಕಾರಣಗಳದ್ದು ಕಪ್ಪು. ನೀಲಿಯ ವಿಸ್ತಾರವನ್ನು ನೋಡಿದವರಿಗೆ, ಸೈನಿಕರನ್ನು ಕೊಂದುದು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಆಸ್ಪತ್ರೆ ಪಾಳೆಯಗಳ ಕೊಳೆಯೆಂಬುದು ಕ್ಷಣಮಾತ್ರದಲ್ಲಿ ಮನಸ್ಸಿಗೆ ಬರುವಂತಿತ್ತು. ಸರಕಾರದ ಮನಸ್ಸನ್ನು ತಿರುಗಿಸುವುದೇ ಇದರ ಉದ್ದೇಶ. ಆದುದರಿಂದ ಇದು ಮಾತಿಲ್ಲದ ರಾಜಕೀಯ ಭಾಷಣವೆಂದರೂ ಸಲ್ಲುತ್ತದೆ.

ಆ ಚಿತ್ರದ ಬಣ್ಣಗಳು ಪ್ರಸಿದ್ಧವಾದಷ್ಟು ಅದರ ಮಗ್ಗುಲಿನಲ್ಲಿ ಬರೆದಿರುವ ವಿವರಣೆಯು ಪ್ರಸಿದ್ಧವಾಗಿಲ್ಲ. ಮೂರು ಬಣ್ಣಗಳ ಭಾಗಗಳಲ್ಲಿ ಪ್ರತಿಯೊಂದನ್ನೂ ನಡುವಿನ ಬಿಂದುವಿನಿಂದಲೇ ಅಳೆಯಬೇಕೆಂದು, ಅಳತೆಯಾಗುವುದು ಕ್ಷೇತ್ರಫಲವೆಂದು ಅಲ್ಲಿ ಹೇಳಿದೆ. ನೋಡುವವನು ಚಿತ್ರವನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬ ಸೂಚನೆಯನ್ನು ಚಿತ್ರಕರ್ತ್ರಿಯೇ ಕೊಟ್ಟಿದ್ದಾರೆ. ಅಳತೆಗೋಲನ್ನು ಓದುಗನ ಕೈಗೆ ಕೊಟ್ಟಮೇಲೆ, ಚಿತ್ರವು ತಪ್ಪಾಗಿದ್ದರೆ ಅದನ್ನು ಹಿಡಿಯುವ ಅಧಿಕಾರವೂ ಅವನಿಗೆ ಬರುತ್ತದೆ.

ಚಿತ್ರವಿಲ್ಲದೆಯೂ ಇದೇ ಗುಣವು ಸಾಧ್ಯವೆಂಬುದಕ್ಕೆ ಭಾರತದ ಒಂದು ನಿದರ್ಶನವುಂಟು. ದಾದಾಭಾಯಿ ನವರೋಜಿಯವರು ೧೮೭೬ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನ ಮುಂಬಯಿ ಶಾಖೆಯ ಮುಂದೆ ಓದಿದ ಪ್ರಬಂಧದಲ್ಲಿ, ಬ್ರಿಟಿಷ್ ಇಂಡಿಯಾದ ಪ್ರಜೆಯ ವಾರ್ಷಿಕ ಆದಾಯವು ತಲೆಯೊಂದಕ್ಕೆ ಸುಮಾರು ೨೦ ರೂಪಾಯಿಯೆಂದು ಲೆಕ್ಕಹಾಕಿದರು. ಈ ಪ್ರಬಂಧವು ೧೯೦೧ರಲ್ಲಿ ಪ್ರಕಟವಾದ ಅವರ ದೊಡ್ಡ ಗ್ರಂಥದಲ್ಲಿ ಸೇರಿದೆ. ೨೦ ರೂಪಾಯಿಯೆಂಬ ಅಂಕಿಯನ್ನು ಮಾತ್ರ ಗಟ್ಟಿಯಾಗಿ ಘೋಷಿಸಿ ಅವರು ಸುಮ್ಮನಾಗಲಿಲ್ಲ. ಪ್ರಾಂತ್ಯ ಪ್ರಾಂತ್ಯದ ಸಾಗುವಳಿ ಭೂಮಿ, ಅದರ ಇಳುವರಿ, ಫಸಲಿನ ಬೆಲೆ ಎಂಬ ಮೆಟ್ಟಲುಗಳನ್ನು ಕೋಷ್ಟಕಗಳಲ್ಲಿ ಬಿಡಿಸಿ ಇಟ್ಟರು. ಆಧಾರವಾಗಿ ಹಿಡಿದುದೂ ಸರಕಾರದ ವರದಿಗಳನ್ನೇ. ಇದು ಶಬ್ದಪ್ರಮಾಣವನ್ನು ಅನುಮಾನಪ್ರಮಾಣವಾಗಿ ಮಾರ್ಪಡಿಸಿದ ಕ್ರಮ. ಒಪ್ಪದವನು ಯಾವ ಮೆಟ್ಟಲಿನಲ್ಲಿ ಒಪ್ಪುವುದಿಲ್ಲವೆಂಬುದನ್ನು ತೋರಿಸಬೇಕಾಗುತ್ತದೆ.

೩

ಅಂಕಿಯ ಚಿತ್ರದಿಂದ ಛಾಯಾಚಿತ್ರಕ್ಕೆ ಬಂದರೆ ಪ್ರತ್ಯಕ್ಷದ ಭ್ರಾಂತಿಯು ಇನ್ನೂ ಬಲವಾಗುತ್ತದೆ. ಇದನ್ನು ಪರೀಕ್ಷಿಸುವುದಕ್ಕೆ ಒಬ್ಬನೇ ಭಾಷಣಕಾರನು ಒಂದೇ ಸಂಸ್ಥೆಯಲ್ಲಿ ಒಂದೂವರೆ ವರ್ಷದ ಅಂತರದಲ್ಲಿ ತೋರಿಸಿದ ಎರಡು ಪ್ರದರ್ಶನಗಳು ಅನುಕೂಲವಾಗಿವೆ.

೧೯೬೧ನೆಯ ಏಪ್ರಿಲ್ ೧೫ರಂದು ಕ್ಯೂಬಾದ ವಿಮಾನನಿಲ್ದಾಣಗಳ ಮೇಲೆ ಬಾಂಬಿನ ದಾಳಿಯಾಯಿತು. ಅದೇ ದಿನ ವಿಶ್ವಸಂಸ್ಥೆಯ ರಾಜಕೀಯ ಸಮಿತಿಯಲ್ಲಿ ಅಮೆರಿಕದ ಪ್ರತಿನಿಧಿಗಳಾದ ಅಡ್ಲೈ ಸ್ಟೀವನ್‌ಸನ್ನರು ಒಂದು ಛಾಯಾಚಿತ್ರವನ್ನು ತೋರಿಸಿದರು. ಫ್ಲಾರಿಡಾದಲ್ಲಿ ಬಂದಿಳಿದಿದ್ದ ಒಂದು ಬಿ-೨೬ ವಿಮಾನ. ಅದರ ಮೇಲೆ ಕ್ಯೂಬಾದ ವಾಯುದಳದ ಚಿಹ್ನೆಗಳು. ದಾಳಿ ಮಾಡಿದವರು ಕ್ಯೂಬಾದ ಸೇನೆಯನ್ನೇ ತೊರೆದು ಬಂದ ವೈಮಾನಿಕರೆಂಬುದು ವಾದ. ಆ ವಿಮಾನವಾದರೋ ಅಮೆರಿಕದ ಗೂಢಚಾರ ಇಲಾಖೆಯು ಚಿಹ್ನೆಗಳನ್ನು ಬರೆಯಿಸಿ ಕಳುಹಿಸಿದುದು. ಕ್ಯೂಬಾದ ಬಿ-೨೬ ವಿಮಾನಗಳ ಮೂತಿಯು ಪಾರದರ್ಶಕವಾದುದು. ಇದರ ಮೂತಿಯು ಲೋಹದ್ದು. ಪತ್ರಿಕೆಯವರು ಈ ಭೇದವನ್ನು ಬೇಗನೆ ಗುರುತಿಸಿದರು. ಸ್ಟೀವನ್‌ಸನ್ನರಿಗೆ ನಿಜಸಂಗತಿಯನ್ನು ಅವರ ಸರಕಾರವೇ ತಿಳಿಸಿರಲಿಲ್ಲ. ಛಾಯಾಚಿತ್ರವೇನೋ ಸುಳ್ಳಲ್ಲ, ವಿಮಾನವು ಅಲ್ಲಿ ಇದ್ದದ್ದು ನಿಜ, ಚಿಹ್ನೆಯೂ ಇದ್ದದ್ದು ನಿಜ. ಸುಳ್ಳಾದುದು ಚಿಹ್ನೆಯಿಂದ ಒಡೆತನವನ್ನು ಊಹಿಸಿದ ಅನುಮಾನ. ಆ ಅನುಮಾನವನ್ನು ಮಾತಿನಲ್ಲಿ ಪರೀಕ್ಷೆಗೆ ಒಡ್ಡದೆ ಚಿತ್ರದ ಬೆನ್ನಿನ ಮೇಲೆ ಹೊರಿಸಲಾಯಿತು.

೧೯೬೨ನೆಯ ಅಕ್ಟೋಬರ್ ೨೫ರಂದು ಅದೇ ಸ್ಟೀವನ್‌ಸನ್ನರು ಭದ್ರತಾ ಮಂಡಲಿಯಲ್ಲಿ ಸೋವಿಯತ್ ಪ್ರತಿನಿಧಿ ಜೋರಿನ್ ಅವರನ್ನು ಎದುರಿಸಿದರು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆಯೇ ಇಲ್ಲವೇ ಎಂಬ ನೇರವಾದ ಪ್ರಶ್ನೆಯನ್ನು ಮೊದಲು ಮಾತಿನಲ್ಲಿ ಕೇಳಿ, ಉತ್ತರ ದೊರೆಯದಿರಲು ಚಿತ್ರಗಳನ್ನು ನಿಲುಗಡೆಗಳ ಮೇಲೆ ಇಡಿಸಿದರು. ಅವರ ನಿರೂಪಣೆಯ ಕ್ರಮವು ಗಮನಾರ್ಹವಾದುದು. ಪ್ರದೇಶವು ಸಾನ್ ಕ್ರಿಸ್ಟೋಬಾಲಿನ ಹತ್ತಿರದ್ದೆಂದು ಹೇಳಿ ಅದನ್ನು ಭೂಪಟದಲ್ಲಿ ಗುರುತಿಸಿದರು; ಆಗಸ್ಟ್ ಕೊನೆಯಲ್ಲಿ ತೆಗೆದ ಚಿತ್ರದಲ್ಲಿ ಅದು ಬರಿಯ ಹಳ್ಳಿಗಾಡಾಗಿದ್ದುದನ್ನು ತೋರಿಸಿ, ಅದೇ ಪ್ರದೇಶವು ಹಿಂದಿನ ವಾರ ಹೇಗಾಗಿತ್ತೆಂಬುದನ್ನು ಎರಡನೆಯ ಚಿತ್ರದಲ್ಲಿ ತೋರಿಸಿದರು. ಕೊನೆಗೆ, ಈ ಚಿತ್ರಗಳಲ್ಲಿ ಸಂಶಯವಿದ್ದರೆ ವಿಶ್ವಸಂಸ್ಥೆಯ ತಂಡವನ್ನು ಅಲ್ಲಿಗೆ ಬಿಡುವಂತೆ ಕ್ಯೂಬಾವನ್ನು ಕೇಳಿರೆಂದೂ, ಹೋಗಬೇಕಾದ ಸ್ಥಳಗಳನ್ನು ತಾವು ತೋರಿಸುವೆವೆಂದೂ ಹೇಳಿದರು. ಸ್ಥಳ, ಕಾಲ, ಹೋಲಿಕೆ, ಪರೀಕ್ಷೆಗೆ ಆಹ್ವಾನ ಈ ನಾಲ್ಕೂ ಮಾತಿನಲ್ಲಿ ಬಂದಿವೆ. ಈ ಪ್ರದರ್ಶನವು ಸತ್ಯವಾಗಿದ್ದುದರಿಂದ ಮಾತ್ರ ಶ್ರೇಷ್ಠವೆನ್ನುವುದು ಸಾಲದು. ಅದು ಅಸತ್ಯವಾಗಿದ್ದ ಪಕ್ಷದಲ್ಲಿ ಸಿಕ್ಕಿಬೀಳುವ ದಾರಿಯನ್ನು ತಾನೇ ತೆರೆದಿಟ್ಟಿತ್ತು; ಅದರ ಶ್ರೇಷ್ಠತೆಯು ಇದರಲ್ಲಿದೆ.

೪

ನಲವತ್ತು ವರ್ಷಗಳ ಮೇಲೆ, ೨೦೦೩ನೆಯ ಫೆಬ್ರವರಿ ೫ರಂದು, ಅಮೆರಿಕದ ವಿದೇಶಾಂಗ ಕಾರ್ಯದರ್ಶಿಗಳಾಗಿದ್ದ ಕಾಲಿನ್ ಪವೆಲ್ಲರು ಅದೇ ಭದ್ರತಾ ಮಂಡಲಿಯಲ್ಲಿ ಇರಾಕಿನ ಮೇಲೆ ಆರೋಪವನ್ನು ಮಂಡಿಸಿದರು. ೧೯೬೨ರ ಪ್ರದರ್ಶನದ ನೆನಪು ಶ್ರೋತೃಗಳ ಮನಸ್ಸಿನಲ್ಲಿತ್ತು. ಧ್ವನಿಮುದ್ರಿತ ಸಂಭಾಷಣೆಗಳು, ಉಪಗ್ರಹದಿಂದ ತೆಗೆದ ಛಾಯಾಚಿತ್ರಗಳು, ಬರೆದ ಚಿತ್ರಗಳು, ಕೈಯಲ್ಲಿ ಹಿಡಿದು ತೋರಿಸಿದ ಒಂದು ಚಿಕ್ಕ ಸೀಸೆ ಇವೆಲ್ಲವೂ ಆ ಭಾಷಣದಲ್ಲಿ ಸೇರಿದ್ದುವು. ಆಹಾರ್ಯದ ಸಂಪತ್ತಿಗೆ ಇದಕ್ಕಿಂತ ದೊಡ್ಡ ನಿದರ್ಶನವು ಈಚಿನ ರಾಜಕೀಯ ವಾಙ್ಮಯದಲ್ಲಿ ದೊರೆಯುವುದು ಕಷ್ಟ.

ಮೊದಲು ಛಾಯಾಚಿತ್ರಗಳನ್ನು ವಿಚಾರಿಸಬಹುದು. ಇವುಗಳನ್ನು ಅರ್ಥಮಾಡಿಕೊಳ್ಳುವುದು ಸಾಮಾನ್ಯರಿಗೆ ಕಷ್ಟವೆಂದೂ, ತಮಗೂ ಕಷ್ಟವೆಂದೂ, ಪರಿಣತರು ಬಹುಕಾಲ ಶ್ರಮಿಸಿ ಅರ್ಥ ಮಾಡಿದ್ದಾರೆಂದೂ ಪವೆಲ್ಲರೇ ಪೀಠಿಕೆಯಾಗಿ ಹೇಳಿದರು. ಈ ಮಾತು ಪ್ರಾಮಾಣಿಕವಾದುದು. ಆದರೆ ಇದರ ಫಲವೇನಾಯಿತು? ನೋಡಿದರೂ ತಿಳಿಯದ ಚಿತ್ರವು ನೋಡುವವನಿಗೆ ಪ್ರಮಾಣವಾಗುವುದೇ ಇಲ್ಲ. ಪರಿಣತರ ಮಾತು ಮಾತ್ರ ಉಳಿಯುತ್ತದೆ. ಆದರೂ ಚಿತ್ರವು ಎದುರಿಗಿರುವುದರಿಂದ ಶ್ರೋತೃವಿಗೆ ತಾನೇ ಕಂಡೆನೆಂಬ ಭಾವನೆ ಬರುತ್ತದೆ. ಫೆಬ್ರವರಿ ೧೪ರಂದು ವಿಶ್ವಸಂಸ್ಥೆಯ ತನಿಖೆಗಾರರ ಮುಖ್ಯಸ್ಥರಾದ ಹಾನ್ಸ್ ಬ್ಲಿಕ್ಸರು ಅದೇ ಮಂಡಲಿಗೆ ವರದಿಯೊಪ್ಪಿಸುತ್ತ, ಆ ಚಿತ್ರಗಳಲ್ಲಿ ಕಂಡ ಒಂದು ಸ್ಥಳದ ಮದ್ದುಗುಂಡುಗಳ ಸಾಗಾಟವು ನಿತ್ಯದ ಕೆಲಸವೇ ಆಗಿರಲೂಬಹುದೆಂದು ಸೂಚಿಸಿದರು. ಚಿತ್ರವು ಬದಲಾಗಲಿಲ್ಲ, ಅದರ ಜೊತೆಯ ವಾಕ್ಯವು ಬದಲಾಯಿತು. ಅದರೊಡನೆ ಚಿತ್ರದ ಅರ್ಥವೂ ಬದಲಾಯಿತು.

ಇನ್ನೂ ವಿಚಾರಾರ್ಹವಾದುದು ಬರೆದ ಚಿತ್ರಗಳ ಸಂಗತಿ. ಲಾರಿಗಳಲ್ಲಿಯೂ ರೈಲಿನ ಗಾಡಿಗಳಲ್ಲಿಯೂ ಇರಾಕು ಜೈವಿಕ ಅಸ್ತ್ರಗಳ ಚಲಿಸುವ ಕಾರ್ಖಾನೆಗಳನ್ನು ಇಟ್ಟಿದೆಯೆಂಬುದು ಆರೋಪ. ಇದಕ್ಕೆ ಛಾಯಾಚಿತ್ರವಿರಲಿಲ್ಲ, ಹೇಳಿಕೆಗಳಿದ್ದುವು. ಅವುಗಳಲ್ಲಿ ಮುಖ್ಯವಾದುದು ಕರ್ವ್‌ಬಾಲ್ ಎಂಬ ಗುಪ್ತನಾಮದ ಒಬ್ಬ ಇರಾಕೀ ವಲಸೆಗಾರನದು. ಆ ಹೇಳಿಕೆಗಳಿಗನುಸಾರವಾಗಿ ಲಾರಿಗಳನ್ನೂ ಒಳಗಿನ ತೊಟ್ಟಿ ಪಂಪುಗಳನ್ನೂ ಅಚ್ಚುಕಟ್ಟಾಗಿ ಬರೆಯಿಸಿ ತೋರಿಸಲಾಯಿತು. ಚಿತ್ರಗಳು ವರ್ಣನೆಯನ್ನು ಅನುಸರಿಸಿ ಬರೆದುವೆಂಬುದನ್ನು ಪವೆಲ್ಲರು ಮರೆಮಾಚಲಿಲ್ಲ. ಆದರೆ ಆ ಮಾತಿನ ಓಟದಲ್ಲಿಯೇ, ಆ ಯಂತ್ರಭಾಗಗಳು ಹೇಗಿವೆಯೆಂದು ತಾವು ಬಲ್ಲೆವೆಂಬ ನಿರ್ಣಯವೂ ಬಂದಿತು. ಇಲ್ಲಿ ವರ್ಣನೆಯಿಂದ ಚಿತ್ರವು ಹುಟ್ಟಿದೆ. ಅನಂತರ ಆ ಚಿತ್ರವೇ ವರ್ಣನೆಗೆ ಸಾಕ್ಷಿಯಾಗಿ ನಿಂತಿದೆ. ಮಗನು ತಂದೆಯ ಹುಟ್ಟಿಗೆ ಸಾಕ್ಷಿ ನುಡಿದಂತಾಯಿತು. ಇದನ್ನೇ ತಾರ್ಕಿಕರು ಅನ್ಯೋನ್ಯಾಶ್ರಯದೋಷವೆನ್ನುತ್ತಾರೆ.

ಈ ದೋಷವು ಅಷ್ಟು ಸುಲಭವಾಗಿ ಸಂಭವಿಸಿದುದಕ್ಕೆ ಭಾಷೆಗೂ ಚಿತ್ರಕ್ಕೂ ಇರುವ ಒಂದು ಮೂಲಭೇದವೇ ಕಾರಣ. ಕನ್ನಡದಲ್ಲಿ ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರ್ಪಡಿಸುವುದಕ್ಕೆ 'ಅಂತೆ' ಎಂಬ ಎರಡಕ್ಷರದ ಪ್ರತ್ಯಯವಿದೆ. 'ಲಾರಿಗಳಿವೆ' ಎಂಬುದಕ್ಕೂ 'ಲಾರಿಗಳಿವೆಯಂತೆ' ಎಂಬುದಕ್ಕೂ ಇರುವ ಅಂತರವನ್ನು ಹಳ್ಳಿಯ ಮಗುವೂ ಬಲ್ಲದು. 'ಇರಬಹುದು' ಎಂಬ ಸಂಭಾವನಾರೂಪವೂ, 'ಆದರೆ' ಎಂಬ ಅವ್ಯಯವೂ, 'ಇಲ್ಲ' ಎಂಬ ನಿಷೇಧವೂ ಭಾಷೆಯಲ್ಲಿವೆ. ಚಿತ್ರಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಬರೆದ ಲಾರಿಯು ಇದ್ದೇ ಇರುತ್ತದೆ. ಅದಕ್ಕೆ 'ಅಂತೆ' ಸೇರಿಸುವ ಉಪಾಯವಿಲ್ಲ. ಆದುದರಿಂದ ಚಿತ್ರವನ್ನು ತರುವ ಭಾಷಣಕಾರನು ಅದಕ್ಕೆ ಇಲ್ಲದ 'ಅಂತೆ'ಯನ್ನು ತನ್ನ ಮಾತಿನಿಂದ ತುಂಬಿಕೊಡಬೇಕು. ನಿಜವಾದ ಛಾಯಾಚಿತ್ರಗಳ ಸಾಲಿನಲ್ಲಿ, ಅದೇ ಪರದೆಯ ಮೇಲೆ, ಕೇಳಿದ ಮಾತಿನ ಚಿತ್ರವನ್ನು ಇಟ್ಟರೆ ಮೊದಲಿನವುಗಳ ವಿಶ್ವಾಸವು ಎರಡನೆಯದಕ್ಕೂ ಹರಿದುಬರುತ್ತದೆ.

ಪರಿಣಾಮವು ಲೋಕವಿದಿತ. ೨೦೦೩ನೆಯ ಮಾರ್ಚ್ ೨೦ರಂದು ಇರಾಕಿನ ಮೇಲೆ ದಂಡಯಾತ್ರೆ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಇರಾಕೀ ನಾಗರಿಕರು ಸತ್ತರು. ಅಮೆರಿಕವೇ ನೇಮಿಸಿದ ಶೋಧಕ ಮಂಡಲಿಯು ಅಂತಹ ಅಸ್ತ್ರಗಳ ಸಂಗ್ರಹವು ಇರಲಿಲ್ಲವೆಂದು ೨೦೦೪ರಲ್ಲಿ ವರದಿ ಮಾಡಿತು. ಆ ಭಾಷಣವು ತಮ್ಮ ಹೆಸರಿಗೆ ಕಲಂಕವೆಂದು ಪವೆಲ್ಲರು ೨೦೦೫ರಲ್ಲಿ ಒಪ್ಪಿಕೊಂಡರು. ತಾನು ಹೇಳಿದುದು ಕಟ್ಟುಕಥೆಯೆಂದು ಆ ವಲಸೆಗಾರನು ೨೦೧೧ರಲ್ಲಿ ಬಹಿರಂಗವಾಗಿ ಹೇಳಿದನು. ಯುದ್ಧಕ್ಕೆ ಚಿತ್ರಪಟವೊಂದೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಜನರ ಒಪ್ಪಿಗೆಯನ್ನು ಗಳಿಸುವ ಕಾರ್ಯದಲ್ಲಿ ಚಿತ್ರಪಟಕ್ಕೆ ವಹಿಸಿದ ಪಾತ್ರವನ್ನು ಅಲ್ಲಗಳೆಯಲಾಗುವುದಿಲ್ಲ.

೫

ಮೇಲಿನ ನಿದರ್ಶನದಲ್ಲಿ ವಿಷಯವೇ ಅಸತ್ಯವಾಗಿತ್ತು. ವಿಷಯವು ಸತ್ಯವಾಗಿದ್ದಾಗಲೂ ಚಿತ್ರಪಟವು ದೋಷಕ್ಕೆ ಈಡಾಗಬಹುದೇ ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರರ ಭಾಷಣವು ಇದಕ್ಕೆ ಉತ್ತರವನ್ನು ಕೊಡುತ್ತದೆ. ಭೂಮಿಯ ತಾಪವು ಹೆಚ್ಚುತ್ತಿರುವುದನ್ನು ಕುರಿತು ಅವರು ಸ್ಲೈಡುಗಳೊಡನೆ ಊರೂರಿನಲ್ಲಿ ಮಾಡಿದ ಭಾಷಣವು ೨೦೦೬ರಲ್ಲಿ ಚಲಚ್ಚಿತ್ರವಾಗಿ ಹೊರಬಂದಿತು. ೨೦೦೭ರ ನೋಬೆಲ್ ಶಾಂತಿ ಪಾರಿತೋಷಿಕವು ಗೋರರಿಗೂ ಹವಾಮಾನವನ್ನು ಕುರಿತ ಅಂತರರಾಷ್ಟ್ರೀಯ ಮಂಡಲಿಗೂ ಸೇರಿ ದೊರೆಯಿತು. ಅದರಲ್ಲಿ ೬೫೦,೦೦೦ ವರ್ಷಗಳ ಅವಧಿಯಲ್ಲಿ ವಾಯುಮಂಡಲದ ಇಂಗಾಲಾಮ್ಲವೂ ತಾಪವೂ ಹೇಗೆ ಏರಿಳಿದವೆಂಬುದನ್ನು ಎರಡು ಗೆರೆಗಳಾಗಿ ತೋರಿಸಿದೆ. ಮುಂದೆ ಇಂಗಾಲಾಮ್ಲದ ಗೆರೆಯು ಎಷ್ಟು ಎತ್ತರಕ್ಕೆ ಹೋಗುವುದೆಂಬುದನ್ನು ಮುಟ್ಟಿ ತೋರಿಸುವುದಕ್ಕೆ ಗೋರರು ಯಂತ್ರದ ಏಣಿಯೊಂದನ್ನು ಹತ್ತಿ ಮೇಲಕ್ಕೇರುತ್ತಾರೆ. ಸಂಖ್ಯೆಯು ಇಲ್ಲಿ ಶರೀರದ ಅನುಭವವಾಗುತ್ತದೆ. ಆಂಗಿಕವೂ ಆಹಾರ್ಯವೂ ಇಷ್ಟು ಸೊಗಸಾಗಿ ಕೂಡಿಕೊಂಡ ಸನ್ನಿವೇಶವು ವಿರಳ.

ಆದರೆ ಎರಡು ಗೆರೆಗಳು ಜೊತೆಯಾಗಿ ಏರಿಳಿಯುವುದು ಸಹಚಾರ ಮಾತ್ರ. ಅದೇ ವ್ಯಾಪ್ತಿಯಲ್ಲ, ಕಾರ್ಯಕಾರಣಭಾವವಂತೂ ಅಲ್ಲ. ಹಿಮಯುಗಗಳ ಕೊನೆಯಲ್ಲಿ ಭೂಕಕ್ಷೆಯ ವ್ಯತ್ಯಾಸಗಳಿಂದ ತಾಪವು ಏರಲಾರಂಭಿಸಿ, ಅನಂತರ ಇಂಗಾಲಾಮ್ಲವು ಹೆಚ್ಚಿ, ಅದು ತಾಪವನ್ನು ಮತ್ತಷ್ಟು ಏರಿಸಿತೆಂಬುದು ವಿಜ್ಞಾನಿಗಳ ನಿರ್ಣಯ. ಈ ಸೂಕ್ಷ್ಮವು ಗೆರೆಗಳಲ್ಲಿ ಕಾಣುವುದಿಲ್ಲ. ಭಾಷಣದಲ್ಲಿ ವಿವರವಾಗಿ ಬರಲೂ ಇಲ್ಲ. ೨೦೦೭ನೆಯ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯವು ಈ ಚಿತ್ರವನ್ನು ಶಾಲೆಗಳಲ್ಲಿ ತೋರಿಸುವ ವಿಷಯದಲ್ಲಿ ತೀರ್ಪು ಕೊಡುವಾಗ, ಒಟ್ಟಿನ ಪ್ರತಿಪಾದನೆಯು ಸರಿಯೆಂದು ಒಪ್ಪಿ, ಒಂಬತ್ತು ಅಂಶಗಳಲ್ಲಿ ಆಕ್ಷೇಪವನ್ನು ಗುರುತಿಸಿತು. ಆ ಎರಡು ಗೆರೆಗಳು ಗೋರರು ಹೇಳಿದುದನ್ನು ತಾವಾಗಿ ಸ್ಥಾಪಿಸಲಾರವೆಂಬುದು ಅವುಗಳಲ್ಲಿ ಒಂದು. ಇಲ್ಲಿ ಸಿದ್ಧಾಂತವು ನಿಜ; ಹೇತುವು ಅಪೂರ್ಣ. ನಿಜವಾದ ಸಿದ್ಧಾಂತಕ್ಕೆ ಅಪೂರ್ಣ ಹೇತುವನ್ನು ಕೊಟ್ಟವನು ಪ್ರತಿವಾದಿಯ ಕೈಗೆ ಆಯುಧವನ್ನು ಕೊಟ್ಟಂತೆಯೇ ಸರಿ.

ಮೂರನೆಯ ಬಗೆಯ ದೋಷವು ಅಂಕಿಗೆ ಹೆಸರಿಡುವುದರಲ್ಲಿ ಬರುತ್ತದೆ. ೨೦೧೨ನೆಯ ಸೆಪ್ಟೆಂಬರ್ ೨೭ರಂದು ಇಸ್ರೇಲಿನ ಪ್ರಧಾನಿ ನೆತನ್ಯಾಹು ಅವರು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬತ್ತಿಯಿರುವ ಬಾಂಬಿನ ಚಿತ್ರವೊಂದನ್ನು ಹಿಡಿದು, ಅದರ ಮೇಲೆ ಕೆಂಪುಗೆರೆಯೆಳೆದರು. ಇರಾನು ಅಣ್ವಸ್ತ್ರದ ಕಡೆಗೆ ಎಷ್ಟು ಸಾಗಿದೆಯೆಂಬುದನ್ನು ಅದರಲ್ಲಿ ಶೇಕಡಾ ೭೦, ಶೇಕಡಾ ೯೦ ಎಂದು ಗುರುತಿಸಿತ್ತು. ಆಹಾರ್ಯವೆಂಬುದನ್ನು ಮುಚ್ಚಿಡದ ವ್ಯಂಗ್ಯಚಿತ್ರವಾದುದರಿಂದ ಇದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯುಂಟು. ಆದರೆ ಆ ಶೇಕಡಾಗಳು ದಾರಿಯ ಅಳತೆಯೋ, ಯುರೇನಿಯಂನ ಶುದ್ಧಿಯ ಅಳತೆಯೋ ಎಂಬುದು ಚಿತ್ರದಿಂದ ತಿಳಿಯುವಂತಿರಲಿಲ್ಲ. ಅಸ್ತ್ರಕ್ಕೆ ಬೇಕಾದ ಶುದ್ಧಿಯನ್ನೂ ಸುಮಾರು ಶೇಕಡಾ ೯೦ ಎಂದೇ ಹೇಳುವ ವಾಡಿಕೆಯಿರುವುದರಿಂದ ನೋಡಿದವರಲ್ಲಿ ಗೊಂದಲವುಂಟಾಯಿತು.

೨೦೨೫ನೆಯ ಏಪ್ರಿಲ್ ೨ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಹೊಸ ಸುಂಕಗಳನ್ನು ಘೋಷಿಸುತ್ತ ಎತ್ತಿಹಿಡಿದ ಕೋಷ್ಟಕವು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ಅದರ ಒಂದು ಅಂಕಣಕ್ಕೆ, ಆಯಾ ರಾಷ್ಟ್ರವು ಅಮೆರಿಕದ ಮೇಲೆ ಹೇರುವ ಸುಂಕವೆಂಬ ಶಿರೋನಾಮೆ. ನಾಣ್ಯವ್ಯವಹಾರವೂ ವ್ಯಾಪಾರದ ಅಡಚಣೆಗಳೂ ಇದರಲ್ಲಿ ಸೇರಿವೆಯೆಂದು ಚಿಕ್ಕಕ್ಷರದ ಟಿಪ್ಪಣಿ. ವಿಯೆಟ್ನಾಮಿಗೆ ಶೇಕಡಾ ೯೦, ಭಾರತಕ್ಕೆ ಶೇಕಡಾ ೫೨ ಎಂದು ಬರೆದು, ಮಗ್ಗುಲ ಅಂಕಣದಲ್ಲಿ ಅಮೆರಿಕವು ಹಾಕುವ ಸುಂಕವನ್ನು ಕ್ರಮವಾಗಿ ೪೬, ೨೬ ಎಂದು ತೋರಿಸಿತ್ತು. ಅರ್ಧವನ್ನು ಮಾತ್ರ ಹಾಕುವ ಔದಾರ್ಯವು ಇದರ ಧ್ವನಿ. ಆದರೆ ಮೊದಲನೆಯ ಅಂಕಣದ ಅಂಕಿಗಳು ಯಾವ ರಾಷ್ಟ್ರದ ಸುಂಕದ ಪಟ್ಟಿಯಿಂದಲೂ ಬಂದವುಗಳಲ್ಲ. ಆ ರಾಷ್ಟ್ರದೊಡನೆ ಅಮೆರಿಕಕ್ಕಿರುವ ಸರಕು ವ್ಯಾಪಾರದ ಕೊರತೆಯನ್ನು, ಅಲ್ಲಿಂದ ಬರುವ ಆಮದಿನ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗಳು ಅವು. ಲೆಕ್ಕವು ತಪ್ಪಲ್ಲ, ಹೆಸರು ತಪ್ಪು. ವಾಚ್ಯವಾಗಿ ಇಲ್ಲದ ಅರ್ಥವನ್ನು ಶಿರೋನಾಮೆಯೊಂದೇ ಹೊರಿಸಿತು.

೬

ಇನ್ನು ಸ್ಲೈಡಿನ ರಚನಾಕ್ರಮವನ್ನು ಕುರಿತು ಒಂದು ಮಾತು ಅವಶ್ಯಕ. ಪವರ್‌ಪಾಯಿಂಟ್ ಎಂಬ ಸಾಧನವು ೧೯೮೭ರಲ್ಲಿ ಬಂದಮೇಲೆ ಒಂದು ಶಿರೋನಾಮೆ, ಅದರ ಕೆಳಗೆ ಚುಕ್ಕೆಯಿಟ್ಟ ತುಂಡುವಾಕ್ಯಗಳು ಎಂಬ ಬಂಧವು ಸರ್ವತ್ರ ರೂಢವಾಯಿತು. ವಾಕ್ಯಗಳನ್ನು ಹೆಣೆಯುವ 'ಏಕೆಂದರೆ', 'ಆದುದರಿಂದ', 'ಆದರೂ' ಮೊದಲಾದ ಪದಗಳು ಈ ಬಂಧದಲ್ಲಿ ಉದುರಿಹೋಗುತ್ತವೆ. ಇದರ ಅನರ್ಥಕ್ಕೆ ರಾಜಕೀಯದ ಹೊರಗಿನ ನಿದರ್ಶನವೊಂದು ಸಾಕು. ೨೦೦೩ನೆಯ ಫೆಬ್ರವರಿ ೧ರಂದು ಕೊಲಂಬಿಯಾ ಆಕಾಶನೌಕೆಯು ನಾಶವಾಗಿ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಸತ್ತರು. ನೌಕೆಯು ಇನ್ನೂ ಆಕಾಶದಲ್ಲಿದ್ದಾಗಲೇ, ಅದರ ರೆಕ್ಕೆಗೆ ತಗುಲಿದ ನೊರೆತುಂಡಿನ ವಿಷಯವಾಗಿ ಎಂಜಿನಿಯರರು ಸಿದ್ಧಪಡಿಸಿದ ಸ್ಲೈಡಿನಲ್ಲಿ ಶಿರೋನಾಮೆಯು ಧೈರ್ಯ ಹೇಳುವಂತಿತ್ತು; ತಗುಲಿದ ತುಂಡು ೧೯೨೦ ಘನ ಅಂಗುಲ, ಹಿಂದೆ ಪರೀಕ್ಷಿಸಿದ್ದು ೩ ಘನ ಅಂಗುಲ ಮಾತ್ರವೆಂಬ ಸಂಗತಿಯು ಅಡಿಯ ಕೊನೆಯ ಸಾಲಿನಲ್ಲಿತ್ತು. ಎಡ್ವರ್ಡ್ ಟಫ್ಟಿಯವರು ಈ ಸ್ಲೈಡನ್ನು ಪದಶಃ ವಿಮರ್ಶಿಸಿದರು. ತನಿಖಾ ಮಂಡಲಿಯು ಅದೇ ವರ್ಷದ ಆಗಸ್ಟಿನ ವರದಿಯಲ್ಲಿ ಈ ಪದ್ಧತಿಯನ್ನು ಆಕ್ಷೇಪಿಸಿತು. ೬೪೦ ಪಟ್ಟಿನ ಅಂತರವನ್ನು ಹೇಳುವ ಅಂಕಿಗಳಿದ್ದುವು; ಅದನ್ನು ಶಿರೋನಾಮೆಗೆ ಎದುರಾಗಿ ನಿಲ್ಲಿಸುವ 'ಆದ್ದರಿಂದ' ಇರಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಸಾಮಾನ್ಯ ಪ್ರಜೆಗೆ ಅಂಕಿಗಳು ಒಗ್ಗುವುದಿಲ್ಲ. ಚಿತ್ರವಿಲ್ಲದಿದ್ದರೆ ರಾಜ್ಯದ ಲೆಕ್ಕಪತ್ರವು ಪಂಡಿತರ ಸೊತ್ತಾಗಿಯೇ ಉಳಿಯುವುದು. ಸುಳ್ಳು ಹೇಳುವವನು ಮಾತಿನಲ್ಲಿಯೂ ಹೇಳಿಯಾನು. ಹೀಗಿರಲಾಗಿ ಚಿತ್ರಪಟವನ್ನು ಮಾತ್ರ ದೂರುವುದೇಕೆ, ಎಂದು. ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ೧೯೯೨ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷವಿಲ್ಲದ ಅಭ್ಯರ್ಥಿ ರಾಸ್ ಪೆರೋ ಅವರು ದೂರದರ್ಶನದಲ್ಲಿ ಅರ್ಧಗಂಟೆಯ ಕಾಲವನ್ನು ಕೊಂಡು, ರಟ್ಟಿನ ಫಲಕಗಳನ್ನು ಒಂದೊಂದಾಗಿ ಎತ್ತಿ, ಕೋಲಿನಿಂದ ಗೆರೆಗಳನ್ನು ಮುಟ್ಟಿ, ಸುಮಾರು ೪ ಲಕ್ಷ ಕೋಟಿ ಡಾಲರುಗಳಿಗೆ ಮುಟ್ಟಿದ್ದ ರಾಷ್ಟ್ರದ ಸಾಲವನ್ನು ವಿವರಿಸಿದರು. ಅಲಂಕಾರವಿಲ್ಲದ ಈ ಪಾಠವನ್ನು ಕೋಟ್ಯಂತರ ಜನರು ನೋಡಿದರು. ಪೆರೋ ಅವರಿಗೆ ಶೇಕಡಾ ೧೮.೯ರಷ್ಟು ಮತಗಳು ಬಿದ್ದುವು. ಚಿತ್ರಪಟವು ಪ್ರಜೆಗೆ ಉಪಕಾರ ಮಾಡಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಉಪಕಾರವು ಎಲ್ಲಿಂದ ಬಂದಿತೆಂಬುದನ್ನು ಗಮನಿಸಬೇಕು. ಪ್ರತಿ ಫಲಕವನ್ನೂ ಅವರು ಬಾಯಿಂದ ಓದಿ ಹೇಳಿದರು. ಕಣ್ಣುಮುಚ್ಚಿ ಕೇಳಿದವನಿಗೂ ವಾದವು ತಿಳಿಯುವಂತಿತ್ತು. ಚಿತ್ರವು ಮಾತಿಗೆ ಬೆಂಬಲವಾಗಿತ್ತೇ ಹೊರತು ಅದರ ಸ್ಥಾನವನ್ನು ಆಕ್ರಮಿಸಲಿಲ್ಲ. ಮಾತು ಸುಳ್ಳಾಗಬಲ್ಲುದೆಂಬುದು ನಿಜವೇ. ಆದರೆ ಮಾತಿನ ಸುಳ್ಳನ್ನು ಶಂಕಿಸುವ ಅಭ್ಯಾಸವು ಜನಕ್ಕೆ ಇದೆ. ಕಣ್ಣನ್ನು ಶಂಕಿಸುವ ಅಭ್ಯಾಸವಿಲ್ಲ.

೭

ಮೇಲಿನ ಪರಿಶೀಲನೆಯಿಂದ ಚಿತ್ರಪಟಯುಕ್ತವಾದ ಭಾಷಣಕ್ಕೆ ಒಂದು ಲಕ್ಷಣವನ್ನು ಹೇಳುವುದು ಸಾಧ್ಯವಾಗುತ್ತದೆ. ಚಿತ್ರವು ಏನನ್ನು ಅಳೆಯುತ್ತದೆ, ಎಲ್ಲಿಯದು, ಎಂದಿನದು ಎಂಬುದು ಮಾತಿನಲ್ಲಿ ಬರಬೇಕು. ಕಂಡದ್ದು ಎಷ್ಟು, ಊಹಿಸಿದ್ದು ಎಷ್ಟು, ಕೇಳಿದ್ದು ಎಷ್ಟು ಎಂಬ ವಿಭಾಗವನ್ನು ಭಾಷಣಕಾರನೇ ಮಾಡಿ ಕೊಡಬೇಕು. ತಾನು ಹೇಳಿದುದು ತಪ್ಪಾಗಿದ್ದರೆ ಅದನ್ನು ಕಂಡುಹಿಡಿಯುವ ದಾರಿಯನ್ನೂ ತೋರಿಸಬೇಕು. ೧೮೫೮ರ ದಾದಿಯ ಚಿತ್ರವೂ ೧೯೬೨ರ ಛಾಯಾಚಿತ್ರಗಳೂ ಈ ಲಕ್ಷಣಕ್ಕೆ ಬಹುಮಟ್ಟಿಗೆ ಹೊಂದುತ್ತವೆ. ೨೦೦೩ರ ಲಾರಿಗಳೂ ೨೦೨೫ರ ಕೋಷ್ಟಕವೂ ಹೊಂದುವುದಿಲ್ಲ. ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದ ಕ್ಷೇಮೇಂದ್ರನು ಪದ, ವಾಕ್ಯ, ಅಲಂಕಾರಗಳೇ ಮೊದಲಾದ ಹಲವು ಸ್ಥಾನಗಳಲ್ಲಿ ಅದನ್ನು ಅರಸಿದನು. ಇಂದಿನ ಭಾಷಣದಲ್ಲಿ ಚಿತ್ರಪಟದ ಔಚಿತ್ಯವನ್ನೂ ಅವುಗಳ ಸಾಲಿನಲ್ಲಿ ಸೇರಿಸಿಕೊಳ್ಳಬೇಕಾಗಿದೆ.

ಈ ಪರೀಕ್ಷೆಯು ಗಣಿತಜ್ಞರಿಗೆ ಮಾತ್ರ ಬಿಟ್ಟುಬಿಡಬೇಕಾದುದಲ್ಲ. ೨೦೨೫ರ ಕೋಷ್ಟಕದ ದೋಷವು ಭಾಗಾಕಾರದಲ್ಲಿರಲಿಲ್ಲ, ಶಿರೋನಾಮೆಯಲ್ಲಿತ್ತು. ೨೦೦೩ರ ದೋಷವು ಉಪಗ್ರಹದಲ್ಲಿರಲಿಲ್ಲ, 'ಬಲ್ಲೆವು' ಎಂಬ ಕ್ರಿಯಾಪದದಲ್ಲಿತ್ತು. ವಾಚ್ಯಕ್ಕೂ ಧ್ವನಿಗೂ ಇರುವ ಅಂತರವನ್ನು, 'ಇದೆ'ಗೂ 'ಇದೆಯಂತೆ'ಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಕಲಿಸುವವರು ಸಾಹಿತ್ಯದ ಅಧ್ಯಾಪಕರೇ. ಕವಿರಾಜಮಾರ್ಗದ ಕಾಲದಿಂದಲೂ ಗುಣದೋಷವಿಚಾರವನ್ನು ನಡೆಸುತ್ತ ಬಂದಿರುವ ಕನ್ನಡ ವಿಮರ್ಶೆಯು ಆ ಸೂಕ್ಷ್ಮದೃಷ್ಟಿಯನ್ನು ಪರದೆಯ ಕಡೆಗೂ ತಿರುಗಿಸಿದರೆ, ಪದ್ಯದ ಪಾಠದಲ್ಲಿ ಕಲಿತ ವಿವೇಕವು ಪ್ರಜೆಯ ಮತದಾನದಲ್ಲಿಯೂ ಉಪಯೋಗಕ್ಕೆ ಬರುವುದು.